ಬೆಡ್ ಒಂದೂ ಖಾಲಿ ಇಲ್ಲ, ಗಲ್ಲಾ ಮಾತ್ರ ಖಾಲಿ: ಇದು ಹೇಗೆ?

ಪ್ರಶ್ನೆಪುಟ್ಟ
ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ. ಕೋವಿಡ್ ಹೊತ್ತಲ್ಲಿ ನಮ್ಮ ಮಾವ 18 ದಿನ ಐಸಿಯುನಲ್ಲಿದ್ದರು. ಬೆಡ್ ಹುಡುಕುವುದಕ್ಕೇ ಒಂದು ಹಗಲು ಒಂದು ರಾತ್ರಿ ಹೋಯಿತು. ಕಾರಿಡಾರಿನಲ್ಲೂ ಜನ ಮಲಗಿದ್ದರು. ಮಾವ ಉಳಿದರು, ಅದು ದೊಡ್ಡದು. ಬಿಲ್ಲನ್ನು ಸಾಲ ಮಾಡಿ ಕಟ್ಟಿದೆವು, ಆ ಸಾಲ ತೀರಿದ್ದು ಇತ್ತೀಚೆಗೆ. ಮೊನ್ನೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಸಿಕ್ಕಿದ್ದರು. ಆ ವರ್ಷ ಆಸ್ಪತ್ರೆಗೆ ನಷ್ಟ, ಸಂಬಳ ಕೊಡುವುದಕ್ಕೂ ಪರದಾಡಿದರು ಅಂದರು. ಬಸ್ಸು ತುಂಬಿದರೆ ಲಾಭ, ಹೋಟೆಲ್ ತುಂಬಿದರೆ ಲಾಭ, ಆಸ್ಪತ್ರೆ ಮಾತ್ರ ತುಂಬಿದರೆ ನಷ್ಟವಾ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಗೊತ್ತಾಗಬೇಕು.

ಖಾರದಪುಡಿ
ನಷ್ಟವಂತೆ ನಷ್ಟ! ಒಂದೇ ಪಿಪಿಇ ಕಿಟ್ ಹಾಕಿಕೊಂಡು ವಾರ್ಡು ಪೂರ್ತಿ ಸುತ್ತಿ ಬಂದು, ಪ್ರತಿಯೊಬ್ಬರ ಬಿಲ್ಲಿಗೂ ಒಂದೊಂದು ಕಿಟ್ ಬರೆದಿದ್ದನ್ನು ನಾನೇ ನೋಡಿದ್ದೇನೆ. ಇವರ ಕಣ್ಣೀರಿಗೆ ಕರಗಬೇಡಿ.

ಬಿಲ್ಲಿಂಗ್_ಮೇಜು
ಖಾರದಪುಡಿಯವರೇ, ಕಿಟ್ ಕಥೆ ಸುಳ್ಳು ಅಂತ ನಾನು ಹೇಳುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಒಂದು ಮಧ್ಯಮ ಗಾತ್ರದ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷ ಇದ್ದೆ. 2020 ಮತ್ತು 2021 ಎರಡೂ ವರ್ಷ ಅಲ್ಲೇ ಕೂತು ನೋಡಿದ್ದೇನೆ.

ಪುಟ್ಟ ಅವರೇ, ಮೊದಲು ಒಂದು ಪ್ರಶ್ನೆ. ಆಸ್ಪತ್ರೆಗೆ ದುಡ್ಡು ಎಲ್ಲಿಂದ ಬರುತ್ತದೆ? ತುಂಬಾ ಕಾಯಿಲೆ ಬಿದ್ದವರಿಂದ ಅಂದುಕೊಂಡಿರುತ್ತೀರಿ. ಅಲ್ಲ. ದಿನ ಗೊತ್ತುಮಾಡಿಕೊಂಡು ಬರುವವರಿಂದ. ಮಂಡಿ ಕೀಲು ಬದಲಾಯಿಸುವುದು, ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶದ ಕಲ್ಲು, ಜೊತೆಗೆ ಸ್ಕ್ಯಾನಿಂಗ್ ಮತ್ತು ಲ್ಯಾಬ್. ಬೆಳಿಗ್ಗೆ ಬರುತ್ತಾರೆ, ಒಂದೆರಡು ದಿನ ಇದ್ದು ಹೋಗುತ್ತಾರೆ, ಅದೇ ಬೆಡ್ಡಿಗೆ ಇನ್ನೊಬ್ಬರು ಬರುತ್ತಾರೆ. ಅಲ್ಲಿ ಉಳಿದ ದುಡ್ಡಿನಲ್ಲಿ ತುರ್ತು ವಿಭಾಗ, ಹೆರಿಗೆ ವಾರ್ಡು, ಮಕ್ಕಳ ಐಸಿಯು ಎಲ್ಲ ನಡೆಯುತ್ತವೆ. ಇವುಗಳಲ್ಲಿ ಒಂದೂ ತನ್ನ ಖರ್ಚನ್ನು ತಾನೇ ದುಡಿಯುವುದಿಲ್ಲ. ನಮ್ಮಲ್ಲಂತೂ ಹಾಗೇ ಇತ್ತು.

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಅಂತ ಕರೆಯಿತು. ಆ ಹೊತ್ತಿನಲ್ಲೇ ಒಂದೊಂದು ದೇಶವೂ ಮುಂದಕ್ಕೆ ಹಾಕಬಹುದಾದ ಆಪರೇಷನ್ ಎಲ್ಲ ನಿಲ್ಲಿಸಿ ಅಂತ ಹೇಳತೊಡಗಿತು. ಹೇಳಿದ್ದು ಸರಿಯೇ. ಬೆಡ್ ಬೇಕಿತ್ತು, ವೆಂಟಿಲೇಟರ್ ಬೇಕಿತ್ತು, ಅರಿವಳಿಕೆ ಡಾಕ್ಟರು ಐಸಿಯುಗೆ ಬೇಕಿದ್ದರು. ಆ ವರ್ಷ ಕೋವಿಡ್‌ಸರ್ಜ್ ಅನ್ನುವ ಸಂಶೋಧಕರ ಗುಂಪು ಒಂದು ಅಂದಾಜು ಹಾಕಿತು: ಹಾವಳಿ ಜೋರಾಗಿದ್ದ 12 ವಾರಗಳಲ್ಲೇ ಪ್ರಪಂಚದಾದ್ಯಂತ 2.84 ಕೋಟಿ ಆಪರೇಷನ್‌ಗಳು ರದ್ದಾಗುತ್ತವೆ ಅಥವಾ ಮುಂದಕ್ಕೆ ಹೋಗುತ್ತವೆ ಅಂತ. ಅಂದರೆ ಆಸ್ಪತ್ರೆ ಬದುಕುವುದೇ ಯಾವ ದುಡ್ಡಿನ ಮೇಲೋ ಆ ನಲ್ಲಿಯನ್ನೇ ತಿರುಗಿಸಿ ನಿಲ್ಲಿಸಿದ ಹಾಗೆ. ಖರ್ಚಿನ ನಲ್ಲಿಗೆ ಕೈ ಹಾಕುವ ಹಾಗೇ ಇಲ್ಲ. ಸಂಬಳ, ಸಾಲದ ಕಂತು, ಕರೆಂಟು, ಯಂತ್ರಗಳ ನಿರ್ವಹಣೆ, ಯಾವುದು ನಿಲ್ಲುತ್ತದೆ ಹೇಳಿ? ಎಂಆರ್‌ಐ ಯಂತ್ರದಲ್ಲಿ ಒಬ್ಬರೂ ಮಲಗದಿದ್ದರೂ ಅದನ್ನು ತಂಪಾಗಿ ಇಟ್ಟಿರಲೇಬೇಕು.

ಪ್ರಶ್ನೆಪುಟ್ಟ
ಇದು ಮೊದಲ ತಿಂಗಳುಗಳ ಮಾತು. ನಮ್ಮ ಮಾವ ಸೇರಿದಾಗ ಆಸ್ಪತ್ರೆ ಕಿಕ್ಕಿರಿದಿತ್ತಲ್ಲ. ಆವಾಗಲೂ ನಷ್ಟವಾ?

ರಾತ್ರಿಪಾಳಿ
ಇದಕ್ಕೆ ನಾನು ಹೇಳುತ್ತೇನೆ. ಐಸಿಯು ನರ್ಸ್ ನಾನು. ಲೆಕ್ಕಪತ್ರ ಗೊತ್ತಿಲ್ಲ, ಬೆಡ್ ಪಕ್ಕ ಏನಾಗುತ್ತಿತ್ತು ಅನ್ನುವುದು ಗೊತ್ತು.

ವೆಂಟಿಲೇಟರ್ ಮೇಲಿರುವ ರೋಗಿಯನ್ನು ಬೋರಲು ಮಲಗಿಸುತ್ತಿದ್ದೆವು, ಶ್ವಾಸಕೋಶಕ್ಕೆ ಅದು ಒಳ್ಳೆಯದು ಅಂತ. ದಿನಕ್ಕೆ ಹದಿನಾರು ಗಂಟೆ ಹಾಗೆ ಇಟ್ಟು ಮತ್ತೆ ತಿರುಗಿಸಬೇಕು. ಬಾಯಲ್ಲಿ ಟ್ಯೂಬು, ಕುತ್ತಿಗೆಯಲ್ಲಿ ಲೈನು, ಕೈಯಲ್ಲಿ ಲೈನು. ಒಂದು ಕಿತ್ತುಬಂದರೂ ಕಥೆ ಮುಗಿಯಿತು. ಒಬ್ಬರನ್ನು ತಿರುಗಿಸಲು ಐದಾರು ಜನ ಬೇಕು. ಆ ಐದಾರೂ ಜನ ಕಿಟ್ ಹಾಕಿಕೊಂಡಿರಬೇಕು. ಹಾಕಿಕೊಂಡರೆ ನೀರು ಕುಡಿಯುವ ಹಾಗಿಲ್ಲ, ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಅದಕ್ಕೇ ನಮ್ಮಲ್ಲಿ ಎಂಟು ಗಂಟೆಯ ಪಾಳಿಯನ್ನು ಆರಕ್ಕೆ ಇಳಿಸಿದರು. ಅಂದರೆ ದಿನಕ್ಕೆ ಮೂರರ ಬದಲು ನಾಲ್ಕು ತಂಡ. ಅದರಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಅವರ ಜೊತೆ ಊಟ ಮಾಡಿದವರೂ ಮನೆಗೆ. ಒಂದು ವಾರ 14 ಜನರ ತಂಡದಲ್ಲಿ ನಾವು ಐದು ಜನ ಉಳಿದಿದ್ದೆವು. ಹೊರಗಿನಿಂದ ನರ್ಸ್‌ಗಳನ್ನು ಕರೆಸಿದರು. ಅವರಿಗೆ ನಮ್ಮ ಎರಡರಷ್ಟು ದಿನಗೂಲಿ, ನಾವು ಅವರಿಗೆ ವೆಂಟಿಲೇಟರ್ ಅಲಾರಾಂ ಯಾವುದಕ್ಕೆ ಕೂಗುತ್ತದೆ ಅಂತ ಹೇಳಿಕೊಡಬೇಕು! ಅವರ ಮೇಲೆ ಸಿಟ್ಟಿಲ್ಲ ಬಿಡಿ, ಅವರೂ ಜೀವ ಕೈಯಲ್ಲಿ ಹಿಡಿದುಕೊಂಡೇ ಬಂದವರು.

ಇನ್ನು ಆಕ್ಸಿಜನ್. ಸಾಮಾನ್ಯ ರೋಗಿಗೆ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ ಎರಡೋ ನಾಲ್ಕೋ ಲೀಟರ್ ಕೊಡುತ್ತೇವೆ. ಹೈ ಫ್ಲೋ ಯಂತ್ರ ಹಾಕಿದರೆ 60 ಲೀಟರ್‌ವರೆಗೂ ಹೋಗುತ್ತದೆ. 7,000 ಲೀಟರಿನ ದೊಡ್ಡ ಸಿಲಿಂಡರ್ ಒಬ್ಬರಿಗೆ ಎರಡು ಗಂಟೆ ಬರುವುದಿಲ್ಲ, ನೀವೇ ಭಾಗಿಸಿ ನೋಡಿ.

ಬಿಲ್ಲಿಂಗ್_ಮೇಜು
ಅಕ್ಕ ಹೇಳಿದ್ದೇ ಉತ್ತರ. ಬೆಡ್ ತುಂಬಿತ್ತು, ಆದರೆ ಬೆಡ್ ತಿರುಗುತ್ತಿರಲಿಲ್ಲ. ಮಂಡಿ ಆಪರೇಷನ್ ಆದರೆ ಒಂದು ಬೆಡ್ಡಿನಲ್ಲಿ 18 ದಿನದಲ್ಲಿ ಐದಾರು ಜನ ಬಂದು ಹೋಗುತ್ತಾರೆ. ನಿಮ್ಮ ಮಾವ ಒಬ್ಬರೇ 18 ದಿನ ಇದ್ದರು. ಅವರಿಗಾದ ಖರ್ಚು ಆ ಐದಾರು ಜನರ ಖರ್ಚಿಗಿಂತ ಜಾಸ್ತಿ. ದರ ಮಾತ್ರ ಕಟ್ಟಿಹಾಕಿದ್ದು. ಕೆಲವು ಕಡೆ ಸರ್ಕಾರ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿರುತ್ತದೆ, ಕೆಲವು ಕಡೆ ಈ ಕಾಯಿಲೆಗೆ ಒಟ್ಟು ಇಷ್ಟು ಅಂತ ವಿಮೆಯವರು ಒಂದೇ ಮೊತ್ತ ಕೊಡುತ್ತಾರೆ. ಎರಡನೆಯದರಲ್ಲಿ ರೋಗಿ ಎಷ್ಟು ಜಾಸ್ತಿ ದಿನ ಇದ್ದರೆ ಅಷ್ಟು ಕೈ ಸುಡುತ್ತದೆ.

ಜನಕ್ಕೆ ಕಾಣದ ಇನ್ನೊಂದು ಇದೆ. ನನ್ನ ನಿದ್ದೆ ಕೆಡಿಸಿದ್ದು ಅದೇ. ಲಾಭ ನಷ್ಟ ವರ್ಷದ ಕೊನೆಯ ಮಾತು. ಈ ಶುಕ್ರವಾರ ಬ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದು ಬೇರೆ ಮಾತು. ವಿಮೆ ದುಡ್ಡು ಬರುವುದು ಎರಡು ಮೂರು ತಿಂಗಳಾದ ಮೇಲೆ. ಮೊದಲೆಲ್ಲ ಗ್ಲೌಸು, ಸಿರಿಂಜು, ಔಷಧಿ ಕೊಡುವವರೂ 60, 90 ದಿನ ಸಾಲ ಕೊಡುತ್ತಿದ್ದರು, ಹಾಗಾಗಿ ಲೆಕ್ಕ ಸರಿಹೋಗುತ್ತಿತ್ತು. ಕೋವಿಡ್ ಬಂದ ಮೇಲೆ ಅವರು ಮೊದಲು ದುಡ್ಡು, ಆಮೇಲೆ ಮಾಲು ಅಂದರು. ಅದೂ ಎಂಥ ಬೆಲೆಗೆ! 2020ರ ಮಾರ್ಚ್ 3ರಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು, ಸರ್ಜಿಕಲ್ ಮಾಸ್ಕಿನ ಬೆಲೆ ಆರು ಪಟ್ಟು, ಎನ್‌95 ಮೂರು ಪಟ್ಟು, ಗೌನು ಎರಡು ಪಟ್ಟು ಆಗಿದೆ ಅಂತ. ಅದು ಜಾಗತಿಕ ಪಿಡುಗು ಅಂತ ಹೇಳುವುದಕ್ಕೂ ಎಂಟು ದಿನ ಮೊದಲು.

ಸಣ್ಣಾಸ್ಪತ್ರೆ_ಡಾಕ್ಟ್ರು
ನೀವೆಲ್ಲ ತುಂಬಿದ ಆಸ್ಪತ್ರೆ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮದು 25 ಬೆಡ್ಡಿನದು, ಹೆಂಡತಿ ಹೆರಿಗೆ ಡಾಕ್ಟರು, ನಾನು ಸರ್ಜನ್. ನಮ್ಮದು ಖಾಲಿ ಹೊಡೆಯುತ್ತಿತ್ತು. ಹೊಟ್ಟೆನೋವಿನವರೂ ಬರಲಿಲ್ಲ, ಎದೆನೋವಿನವರೂ ಬರಲಿಲ್ಲ. ಆಸ್ಪತ್ರೆಗೆ ಹೋದರೆ ಕೋವಿಡ್ ಅಂಟುತ್ತದೆ ಅನ್ನುವ ಹೆದರಿಕೆ. ಅಪೆಂಡಿಕ್ಸ್ ಒಡೆದ ಮೇಲೆ ಹೊತ್ತುಕೊಂಡು ಬಂದವರನ್ನು ಆ ಮೂರು ತಿಂಗಳಲ್ಲಿ ನೋಡಿದಷ್ಟು ಅದಕ್ಕೂ ಮೊದಲಿನ ಹತ್ತು ವರ್ಷದಲ್ಲಿ ನೋಡಿರಲಿಲ್ಲ. ಜೂನ್‌ನಲ್ಲಿ ಒಬ್ಬ ಸಿಸ್ಟರ್‌ಗೆ ಪಾಸಿಟಿವ್ ಬಂತು, ಎರಡು ವಾರ ಬಾಗಿಲು ಹಾಕಿದೆವು. ಸ್ಕ್ಯಾನರ್ ಸಾಲದ ಕಂತು ಮಾತ್ರ ಒಂದನೇ ತಾರೀಕಿಗೆ ಸರಿಯಾಗಿ ಹೋಗುತ್ತಿತ್ತು. ಅದಕ್ಕೆ ಕ್ವಾರಂಟೈನ್ ಇಲ್ಲ.

ಖಾರದಪುಡಿ
ಡಾಕ್ಟರ್ ಸಾರ್, ನಿಮ್ಮಂಥವರ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರ ಬಗ್ಗೆ ಹೇಳಿದ್ದು. ಅವರಿಗೆ ಸರ್ಕಾರಗಳು ಚೀಲ ಚೀಲ ದುಡ್ಡು ಕೊಟ್ಟವಲ್ಲ, ಅದು ಎಲ್ಲಿ ಹೋಯಿತು?

ದೂರದರ್ಶಕ
ಇದನ್ನು ಸ್ವಲ್ಪ ಓದಿಕೊಂಡಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಮೆರಿಕ ಮೊದಲು. 2020ರ ಮೇನಲ್ಲಿ ಅಲ್ಲಿನ ಆಸ್ಪತ್ರೆಗಳ ಸಂಘ ಮಾರ್ಚಿಯಿಂದ ಜೂನ್‌ವರೆಗೆ ನಾಲ್ಕು ತಿಂಗಳಿಗೆ 20,260 ಕೋಟಿ ಡಾಲರ್ ನಷ್ಟ ಅಂತ ಅಂದಾಜು ಕೊಟ್ಟಿತು. (ಖಾರದಪುಡಿಯವರು ಹೇಳುವ ಮೊದಲೇ ಹೇಳುತ್ತೇನೆ, ಅದು ಆಸ್ಪತ್ರೆಗಳದ್ದೇ ಸಂಘ, ದುಡ್ಡು ಕೇಳುವವರೇ ಮಾಡಿದ ಲೆಕ್ಕ.) ಆದರೆ ಆ ಏಪ್ರಿಲ್ ಒಂದೇ ತಿಂಗಳಲ್ಲಿ ಅಲ್ಲಿ ಆರೋಗ್ಯ ಕ್ಷೇತ್ರದಲ್ಲಿ 14 ಲಕ್ಷ ಕೆಲಸ ಹೋದವು. ಅದರಲ್ಲಿ ಆಸ್ಪತ್ರೆಗಳದ್ದೇ 1.35 ಲಕ್ಷ. ಇದು ಸರ್ಕಾರದ ಕಾರ್ಮಿಕ ಇಲಾಖೆಯ ಲೆಕ್ಕ. ಪಿಡುಗಿನ ನಟ್ಟನಡುವೆ ಆಸ್ಪತ್ರೆಗಳು ಜನರನ್ನು ಮನೆಗೆ ಕಳಿಸಿವೆ!

ಸರ್ಕಾರ ಮಾರ್ಚ್ ಕೊನೆಯಲ್ಲಿ ಕೇರ್ಸ್ ಕಾಯ್ದೆ ತಂದು 10,000 ಕೋಟಿ ಡಾಲರ್ ಇಟ್ಟಿತು, ಮುಂದೆ ಅದು 17,800 ಕೋಟಿಗೆ ಏರಿತು. ಹಂಚಿದ ರೀತಿ ನೋಡಿ. ಬೇಗ ಕೊಡಬೇಕಿತ್ತು, ಹಾಗಾಗಿ ಮೊದಲ ಕಂತನ್ನು ಹಿಂದಿನ ಆದಾಯ ನೋಡಿ ಕೊಟ್ಟರು. ಯಾರ ಆದಾಯ ಜಾಸ್ತಿಯೋ ಅವರಿಗೆ ಪರಿಹಾರವೂ ಜಾಸ್ತಿ. ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೈಸರ್ ಫ್ಯಾಮಿಲಿ ಫೌಂಡೇಶನ್ ಅನ್ನುವ ಸಂಸ್ಥೆ ಇದನ್ನು ಬಿಡಿಸಿ ನೋಡಿತು. ಖಾಸಗಿ ವಿಮೆಯ ದುಡ್ಡು ಹೆಚ್ಚು ಬರುತ್ತಿದ್ದ ಮೇಲಿನ 10 ಶೇಕಡಾ ಆಸ್ಪತ್ರೆಗಳಿಗೆ ಬೆಡ್ ಒಂದಕ್ಕೆ 44,321 ಡಾಲರ್ ಬಂದಿದ್ದರೆ, ಕೆಳಗಿನ 10 ಶೇಕಡಾಕ್ಕೆ ಬಂದಿದ್ದು 20,710. ಬಡವರನ್ನು ನೋಡುವ ಆಸ್ಪತ್ರೆಗೆ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಕಡೆ ಎಚ್‌ಸಿಎ ಅನ್ನುವ ದೊಡ್ಡ ಆಸ್ಪತ್ರೆ ಸರಪಳಿ ಅಕ್ಟೋಬರಿನಲ್ಲಿ, ನಮಗೆ ಬಂದ ಪರಿಹಾರ ಮತ್ತು ಮುಂಗಡ ಸೇರಿ ಸುಮಾರು 600 ಕೋಟಿ ಡಾಲರ್ ವಾಪಸ್ ಕೊಡುತ್ತೇವೆ ಅಂತ ಹೇಳಿತು. ಆ ವರ್ಷ ಅದರ ಲಾಭ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಇತ್ತು. ಅದೇ ಪಿಡುಗು, ಅದೇ ದೇಶ. ಹಾಗಾಗಿ ‘ಆಸ್ಪತ್ರೆಗಳಿಗೆ ನಷ್ಟವಾಯಿತಾ’ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಬ್ರಿಟನ್ ಬೇರೆ ದಾರಿ ಹಿಡಿಯಿತು. 2020ರ ಏಪ್ರಿಲ್ 2ಕ್ಕೆ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳ 1,340 ಕೋಟಿ ಪೌಂಡ್ ಸಾಲವನ್ನು ಒಂದೇ ಸಲಕ್ಕೆ ತೊಡೆದುಹಾಕುವುದಾಗಿ ಸರ್ಕಾರ ಹೇಳಿತು. ಆ ಸಾಲ ಪಿಡುಗಿನದ್ದಲ್ಲ, ಅದಕ್ಕೂ ಮೊದಲಿಂದ ವರ್ಷ ವರ್ಷ ಪೇರಿಸಿಕೊಂಡು ಬಂದಿದ್ದು.

ಖಾರದಪುಡಿ
ನೋಡಿ, ನಾನು ಹೇಳಿದ್ದು ಇದೇ. ದೊಡ್ಡವರು ತಿಂದರು.

ದೂರದರ್ಶಕ
ತಿಂದರು ಅನ್ನಬೇಡಿ, ವಾಪಸ್ ಕೊಟ್ಟಿದ್ದಾರೆ ಅಂತ ಈಗಷ್ಟೇ ಬರೆದೆ. ಓದುವುದಕ್ಕೂ ಪುರುಸೊತ್ತಿಲ್ಲವಾ ನಿಮಗೆ? ತಪ್ಪು ಹಂಚಿಕೆಯ ಸೂತ್ರದ್ದು. ಸೂತ್ರ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿ ಇನ್ನೂ ಒಳ್ಳೆಯ ಉದಾಹರಣೆ. ಅಲ್ಲಿ 2020ರ ಮಾರ್ಚಿಯಲ್ಲಿ ಒಂದು ಕಾನೂನು ಮಾಡಿದರು. ಕೋವಿಡ್‌ಗೆ ಅಂತ ಬೆಡ್ ಖಾಲಿ ಇಟ್ಟುಕೊಳ್ಳಿ, ಹಿಂದಿನ ವರ್ಷಕ್ಕಿಂತ ಎಷ್ಟು ರೋಗಿಗಳು ಕಡಿಮೆಯೋ ಅಷ್ಟು ಜನಕ್ಕೆ ತಲಾ ದಿನಕ್ಕೆ 560 ಯೂರೋ ಕೊಡುತ್ತೇವೆ, ಹೊಸ ಐಸಿಯು ಬೆಡ್ ಒಂದಕ್ಕೆ 50,000 ಯೂರೋ ಕೊಡುತ್ತೇವೆ. ನನಗೆ ಓದಿದಾಗ ಭಾರಿ ಇಷ್ಟವಾಯಿತು. ಕೊನೆಗೂ ಯಾರೋ ಖಾಲಿ ಬೆಡ್ಡಿಗೂ ಬೆಲೆ ಇದೆ ಅಂದರಲ್ಲ ಅಂತ.

ಆದರೆ 560 ಎಲ್ಲರಿಗೂ ಒಂದೇ. ದೊಡ್ಡ ಆಸ್ಪತ್ರೆಗೆ ಅದು ಸಾಲದು, ಸಣ್ಣ ಆಸ್ಪತ್ರೆಯ ಕೆಲವು ವಾರ್ಡಿಗೆ ರೋಗಿ ಇದ್ದಾಗ ಬರುವ ದುಡ್ಡಿಗಿಂತ ಜಾಸ್ತಿ. ಜುಲೈನಲ್ಲಿ ಅದನ್ನು ಒಡೆದು 360ರಿಂದ 760ರವರೆಗೆ ಐದು ದರ ಮಾಡಿದರು. ನವೆಂಬರಿನಲ್ಲಿ ಮತ್ತೆ ಬದಲು: ಆ ಪ್ರದೇಶದಲ್ಲಿ ಖಾಲಿ ಇರುವ ಐಸಿಯು ಬೆಡ್ 25 ಶೇಕಡಾಕ್ಕಿಂತ ಕೆಳಗಿಳಿದರೆ ಮಾತ್ರ ದುಡ್ಡು. ಆಗ ಕೆಲವು ಆಸ್ಪತ್ರೆಗಳು ಖಾಲಿ ಬೆಡ್ಡನ್ನೇ ಕಡಿಮೆ ತೋರಿಸುತ್ತಿವೆಯಾ ಅನ್ನುವ ಅನುಮಾನ ಎದ್ದಿತು. 2021ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಇದನ್ನು ಎತ್ತಿ ಆಡಿತು. 2020ರಲ್ಲಿ ಒಕ್ಕೂಟ ಸರ್ಕಾರ ಹೀಗೆ ಕೊಟ್ಟಿದ್ದು 1,020 ಕೋಟಿ ಯೂರೋ.

ಸಣ್ಣಾಸ್ಪತ್ರೆ_ಡಾಕ್ಟ್ರು
ಮೂಲ ಸಮಸ್ಯೆ ಬೇರೆ ಇದೆ. ಎಷ್ಟು ಆಪರೇಷನ್ ಅಷ್ಟು ದುಡ್ಡು ಅನ್ನುವ ಲೆಕ್ಕವೇ ಪಿಡುಗಿಗೆ ಆಗಿಬರುವುದಿಲ್ಲ. ಅಗ್ನಿಶಾಮಕದವರಿಗೆ ಬೆಂಕಿ ಬೀಳಲಿಲ್ಲ ಅಂತ ಆ ತಿಂಗಳು ಸಂಬಳ ಹಿಡಿಯುತ್ತಾರಾ? ಸಿದ್ಧವಾಗಿ ಕೂತಿರುವುದೇ ಅವರ ಕೆಲಸ.

ಖಾರದಪುಡಿ
ಸಾರ್, ಈ ಅಗ್ನಿಶಾಮಕದ ಉದಾಹರಣೆಯನ್ನು ಎಲ್ಲಾ ಡಾಕ್ಟರೂ ಕೊಡುತ್ತಾರೆ. ಅವರು ಬೆಂಕಿ ಆರಿಸಿ ಹೋಗುವಾಗ ಮನೆಯವರ ಕೈಗೆ ಬಿಲ್ಲು ಕೊಡುವುದಿಲ್ಲ, ಪೈಪಿನ ನೀರಿಗೆ ಬೇರೆ, ಹೆಲ್ಮೆಟ್ಟಿಗೆ ಬೇರೆ ಅಂತ. ಹಾಗೆ ಇರುತ್ತೀರಾ? ಇರುವುದಾದರೆ ಸರ್ಕಾರ ಸಂಬಳ ಕೊಡಲಿ, ನನ್ನ ತೆರಿಗೆ ತೆಗೆದುಕೊಳ್ಳಲಿ, ಸಂತೋಷ. ಬೇಸಿಗೆಯಲ್ಲಿ ಅಂಗಡಿ, ಮಳೆಗಾಲದಲ್ಲಿ ಅಗ್ನಿಶಾಮಕ ಆಗುವುದಕ್ಕೆ ಆಗುವುದಿಲ್ಲ.

ಬಿಲ್ಲಿಂಗ್_ಮೇಜು
ಇಷ್ಟು ಹೊತ್ತಿನಲ್ಲಿ ಖಾರದಪುಡಿಯವರು ಬರೆದಿದ್ದರಲ್ಲಿ ಇದು ನನಗೆ ನಾಟಿತು.

ಅವರು ಕೇಳುತ್ತಿರುವುದು ಎಲ್ಲೂ ಇಲ್ಲ ಅಂತೇನಿಲ್ಲ. ಅಮೆರಿಕದಲ್ಲೇ ಮೇರಿಲ್ಯಾಂಡ್ ರಾಜ್ಯದಲ್ಲಿ 2014ರಿಂದ ಆಸ್ಪತ್ರೆಗೆ ಇಡೀ ವರ್ಷಕ್ಕೆ ಇಷ್ಟು ಅಂತ ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡುತ್ತಾರೆ. ದರ ಎಲ್ಲ ವಿಮೆಯವರಿಗೂ ಒಂದೇ. ರೋಗಿಗಳು ಕಡಿಮೆಯಾದರೆ ಆ ಮೊತ್ತ ತಲುಪುವ ಹಾಗೆ ದರವನ್ನು ಸ್ವಲ್ಪ ಏರಿಸಬಹುದು, ಜಾಸ್ತಿಯಾದರೆ ಇಳಿಸಬೇಕು. 2020ರಲ್ಲಿ ಆ ಏರಿಳಿತದ ಮಿತಿಯನ್ನು ಇನ್ನೂ ಸಡಿಲ ಮಾಡಿದರು. ಆಪರೇಷನ್ ನಿಂತರೂ ಆದಾಯ ಪಕ್ಕದ ರಾಜ್ಯಗಳ ಹಾಗೆ ಬುಡ ಸಮೇತ ಕುಸಿಯಲಿಲ್ಲ. ಇದರಲ್ಲೂ ತೊಂದರೆ ಇದೆ. ಹೇಗಿದ್ದರೂ ದುಡ್ಡು ಬರುತ್ತದಲ್ಲ ಅಂತ ಆಸ್ಪತ್ರೆಯವರು ರೋಗಿಗಳನ್ನು ಸಾಗಹಾಕಬಹುದು. ಮೇಲೆ ಕಣ್ಣಿಡುವವರು ಗಟ್ಟಿ ಇರಬೇಕು. ಆದರೂ ನಾನು ಎರಡು ವರ್ಷ ಪ್ರತಿ ಶುಕ್ರವಾರ ಬ್ಯಾಂಕ್ ಬಾಕಿ ನೋಡಿ ಬೆವತಿದ್ದಕ್ಕೆ ಇದ್ದ ಮದ್ದು ಅದೊಂದೇ ಅನ್ನಿಸುತ್ತದೆ. ಪರಿಹಾರ ಅಂತ ಆಮೇಲೆ ಕೊಡುವ ದುಡ್ಡು ಯಾವತ್ತೂ ತಪ್ಪು ಜಾಗಕ್ಕೆ ಹೋಗುತ್ತದೆ, ತಡವಾಗಿ ಹೋಗುತ್ತದೆ.

ಪ್ರಶ್ನೆಪುಟ್ಟ
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಓದಿ ಮಾವನ ಹಳೇ ಬಿಲ್ಲು ಹುಡುಕಿ ತೆಗೆದೆ. 18 ದಿನಕ್ಕೆ 144 ಪಿಪಿಇ ಕಿಟ್ ಹಾಕಿದ್ದಾರೆ. ದಿನಕ್ಕೆ ಎಂಟು. ಇದು ಸರಿಯಾ? ಮೇಜಿನವರು ಕಿಟ್ ವಿಷಯಕ್ಕೆ ಆಮೇಲೆ ಬರುತ್ತೇನೆ ಅಂದಿದ್ದಿರಿ, ಬರಲೇ ಇಲ್ಲ.

ರಾತ್ರಿಪಾಳಿ
ನಮ್ಮ ಲೆಕ್ಕ ಹೇಳುತ್ತೇನೆ. ಹತ್ತು ಬೆಡ್ಡಿನ ಐಸಿಯು. ಒಂದು ಪಾಳಿಗೆ ನರ್ಸು, ಡಾಕ್ಟರು, ಸ್ವಚ್ಛತೆಯವರು ಸೇರಿ ಆರು ಜನ. ನಾಲ್ಕು ಪಾಳಿಗೆ 24 ಕಿಟ್. ಎಕ್ಸ್‌ರೇಯವರು, ದೊಡ್ಡ ಡಾಕ್ಟರು ಬಂದು ಹೋಗುವುದು, ಹರಿದುಹೋಗಿದ್ದು ಎಲ್ಲ ಸೇರಿ 30 ಅಂತಿಟ್ಟುಕೊಳ್ಳಿ. ಹತ್ತು ರೋಗಿಗಳಿಗೆ ಹಂಚಿದರೆ ಒಬ್ಬರಿಗೆ ಮೂರು. 18 ದಿನಕ್ಕೆ 54.

ಖಾರದಪುಡಿ
ನಾನು ಏನೂ ಹೇಳುವುದಿಲ್ಲ. ಮೊದಲೇ ಹೇಳಿ ಆಗಿದೆ.

ಬಿಲ್ಲಿಂಗ್_ಮೇಜು
ಬರುತ್ತೇನೆ ಅಂದು ತಪ್ಪಿಸಿಕೊಂಡೆ, ಒಪ್ಪುತ್ತೇನೆ. ಆ ಆಸ್ಪತ್ರೆ ಯಾವುದೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ನಡೆದಿದ್ದು ಹೇಳುತ್ತೇನೆ. ಬೆಡ್ ದರಕ್ಕೆ ಮಿತಿ ಇತ್ತು, ಕಿಟ್ಟಿಗೆ ಇರಲಿಲ್ಲ. ಹೊರಗಿನ ನರ್ಸ್‌ಗಳಿಗೆ ಕೊಟ್ಟ ದುಡ್ಡು, ಆಕ್ಸಿಜನ್ನಿಗೆ ಜಾಸ್ತಿ ತೆತ್ತಿದ್ದು, ಇವನ್ನು ಬಿಲ್ಲಿನಲ್ಲಿ ತೋರಿಸುವುದಕ್ಕೆ ಸಾಲೇ ಇಲ್ಲ. ಇದ್ದ ಸಾಲು ಕಿಟ್ ಒಂದೇ. ಮೀಟಿಂಗಿನಲ್ಲಿ ಯಾರೂ ಬಾಯಿಬಿಟ್ಟು ಹೀಗೆ ಮಾಡಿ ಅನ್ನಲಿಲ್ಲ. ಹೇಗಾದರೂ ಸರಿದೂಗಿಸಿ ಅಂದರು. ನಾವು ಸರಿದೂಗಿಸಿದೆವು. ನಷ್ಟ ನಿಜ. ಅದನ್ನು ನಿಮ್ಮ ಮಾವನಂಥವರ ತಲೆಗೆ ಕಟ್ಟಿದ್ದೂ ನಿಜ. ನಾನು ಆ ಕೆಲಸ ಬಿಡುವುದಕ್ಕೆ ಇದೂ ಒಂದು ಕಾರಣ, ಆದರೆ ಬಿಟ್ಟಿದ್ದು ಎರಡು ವರ್ಷ ಆದ ಮೇಲೆ. ಹಾಗಾಗಿ ದೊಡ್ಡ ಮಾತು ಆಡುವುದಿಲ್ಲ.

ಪ್ರಶ್ನೆಪುಟ್ಟ
ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸಾರ್. ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. 144 ಅಂದಾಗ ಬೈಯುತ್ತಾರೆ ಅಂದುಕೊಂಡಿದ್ದೆ, ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ರಾತ್ರಿಪಾಳಿ ಅಕ್ಕ ಇದ್ದಾರಲ್ಲ, ಅವರಿಗೆ ಆ ತಿಂಗಳುಗಳಲ್ಲಿ ಸಂಬಳ ಪೂರ್ತಿ ಬಂದಿತ್ತಾ ಕೇಳು ಅಂದರು.

ರಾತ್ರಿಪಾಳಿ
ಇಲ್ಲಪ್ಪ. ನಾಲ್ಕು ತಿಂಗಳು ಮುಕ್ಕಾಲು ಸಂಬಳ. ಹಿಡಿದಿದ್ದನ್ನು ಮರುವರ್ಷ ಎರಡು ಕಂತಿನಲ್ಲಿ ಕೊಟ್ಟರು. ಕೇಳಿದರು ಅಂತ ಮಾವನಿಗೆ ನಮಸ್ಕಾರ ಹೇಳಿ. ಈಗ ಉಸಿರಾಟ ಹೇಗಿದೆ ಅವರದು, ಮೆಟ್ಟಿಲು ಹತ್ತುತ್ತಾರಾ?